ಮಣ್ಣು ಬಳಿಸಿಕೊಂಡ ಧೀರ

“ಕೈ ಮೇಲೆತ್ತೋ ಕರಿಯಾ, ಬೋಳಿಮಗ್ನೆ.”

ಇನ್‌ಸ್ಪೆಕ್ಟರ್ ಕೂಗಿದರೂ ಅಣ್ಣ ಕೈ ಎತ್ತಲಿಲ್ಲ. ಕುಸಿದ ಮನೆಯ ತೊಲೆ ಅವನ ಹೆಗಲ ಮೇಲಿತ್ತು. ಅವನು ಬಿಟ್ಟರೆ ಅದು ಬೀಳುವುದು ನನ್ನ ತಲೆಯ ಮೇಲೆ. ನಾನು ಕೆಳಗೆ ಕಿಂಡಿಯೊಳಗೆ ಒಬ್ಬ ಬಿಳಿ ಅಜ್ಜಿಯ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೆ. ಬಾವಿ ತೋಡುವ ಕಪ್ಪು ಜನ ನಾವು. ಆ ಮನೆಯ ಹಿಂದಿನ ಗುಡಿಸಲುಗಳಿಂದ ಎಲ್ಲರಿಗಿಂತ ಮೊದಲು ಓಡಿ ಬಂದದ್ದೇ ನಮ್ಮ ತಪ್ಪಾಯಿತು.

“ಕೈ ಎತ್ತಿದ್ರೆ ತೊಲೆ ಬೀಳತ್ತೆ ಸಾಹೇಬ್ರೆ. ಕೆಳಗೆ ನನ್ ತಮ್ಮ ಇದಾನೆ.”

“ತಮ್ಮನೂ ಇದಾನಾ? ಹಂಗಾದ್ರೆ ಇದು ಗ್ಯಾಂಗು,” ಎಂದ ಇನ್‌ಸ್ಪೆಕ್ಟರ್. ಆಮೇಲೆ ಕರುಣೆ ಬಂತೇನೋ, “ಸರಿ, ಒಂದೇ ಕೈ ಎತ್ತು,” ಎಂದ.

ಅಣ್ಣ ತೊಲೆಗೆ ಕತ್ತು ಕೊಟ್ಟು ಒಂದು ಕೈ ಎತ್ತಿದ. ಅದಕ್ಕೆ ಬೇಡಿ ಹಾಕಿ, ಓಡಿಹೋಗಬಾರದೆಂದು ಬೇಡಿಯ ಇನ್ನೊಂದು ತುದಿಯನ್ನು ತೊಲೆಯ ಕಬ್ಬಿಣಕ್ಕೇ ಬಿಗಿದರು. ತೊಲೆ ಹೊತ್ತವನು ಎಲ್ಲಿಗೆ ಓಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ಅಜ್ಜಿಯನ್ನು ಮೇಲಕ್ಕೆ ತಳ್ಳಿದೆ. ಕಿಂಡಿಯ ಬಾಯಲ್ಲಿ ಬಗ್ಗಿ ನೋಡುತ್ತಿದ್ದ ಎದುರು ಮನೆಯ ಬಿಳಿಯನೊಬ್ಬ ಅವಳ ಕೈ ಹಿಡಿದುಕೊಂಡ. ಟಿವಿಯವರು “ಧೀರ, ಧೀರ” ಎನ್ನುತ್ತ ಅವನ ಮೇಲೆ ಮುಗಿಬಿದ್ದರು.

“ನಾನು ಕಾರ್ ಏನಾಯ್ತು ನೋಡೋಣ ಅಂತ ಬಂದೆ,” ಎಂದ ಅವನು. ಪಾಪ, ನಿಜವನ್ನೇ ಹೇಳಿದ.

“ಎಂಥಾ ವಿನಯ ನೋಡಿ,” ಎಂದು ಇನ್‌ಸ್ಪೆಕ್ಟರ್ ಸೆಲ್ಯೂಟ್ ಹೊಡೆದ.

ಧೀರನ ಇಸ್ತ್ರಿ ಶರ್ಟು ಕ್ಯಾಮೆರಾದವನಿಗೆ ಹಿಡಿಸಲಿಲ್ಲ. ಆಗಷ್ಟೇ ಹೊರಬಂದಿದ್ದ ನನ್ನ ಬೆನ್ನಿನ ಮಣ್ಣು ಕೆರೆದು ಅವನ ಕೆನ್ನೆಗೂ ತೋಳಿಗೂ ಬಳಿದರು. ಆಮೇಲೆ ನನ್ನ ಜೇಬು ತಡಕಿದರು.

“ಮುದುಕಿ ಬಳೆ ಎಲ್ಲೋ?”

“ಅವ್ರ ಕೈಯಲ್ಲೇ ಇದೆಯಲ್ಲ ಸಾಹೇಬ್ರೆ.”

“ನೀನು ತೆಗೆಯೋಷ್ಟರಲ್ಲಿ ನಾವು ಬಂದ್ವಿ, ಅದಕ್ಕೆ.”

ನನಗೆ ನಗು ಬಂತು. ಅಷ್ಟರಲ್ಲಿ ಅಜ್ಜಿಗೆ ಮಾತು ಹೊರಟಿತು: “ಮೊಮ್ಮಗಳು ಒಳಗೇ ಇದಾಳೆ.”

ಎಲ್ಲರೂ ಧೀರನನ್ನು ನೋಡಿದರು. ಅವನು ಕಾರಿನ ಕೀ ಹುಡುಕತೊಡಗಿದ.

“ನೀನೇ ಇಳಿಯೋ,” ಎಂದ ಇನ್‌ಸ್ಪೆಕ್ಟರ್ ನನಗೆ.

“ಇಳೀತೀನಿ. ತೊಲೆಗೆ ಯಾರಾದ್ರೂ ಹೆಗಲು ಕೊಡಿ, ಅಣ್ಣನ್ ಬೇಡಿ ಬಿಚ್ಚಿ. ಇನ್ನೂ ಆಳಕ್ಕೆ ಹೋಗ್ಬೇಕು, ನನ್ ಹಗ್ಗಕ್ಕೆ ಅವ್ನು ಬೇಕು.”

“ಕಳ್ಳನ್ನ ಬಿಡೋಕಾಗಲ್ಲ.”

“ಹಂಗಾದ್ರೆ ಹಗ್ಗಕ್ಕೆ ನೀವೇ ಬನ್ನಿ.”

ಕ್ಯಾಮೆರಾಗಳೆಲ್ಲ ಅವನತ್ತ ತಿರುಗಿದವು. ಇನ್‌ಸ್ಪೆಕ್ಟರ್ ಎದೆಯುಬ್ಬಿಸಿ ಮುಂದೆ ಬಂದ. ನಮ್ಮ ಕಸುಬಿನಲ್ಲಿ ಇಳಿಯುವವನ ಹಗ್ಗವನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ, ಮೇಲಿರುವವನ ಸೊಂಟಕ್ಕೇ ಕಟ್ಟುತ್ತೇವೆ. ಹೋದರೆ ಇಬ್ಬರೂ ಹೋಗಬೇಕು. ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಸಾಹೇಬನ ಬೆಲ್ಟಿನ ಮೇಲೆ ಎರಡು ಸುತ್ತು ಹಾಕಿ, ಜಗ್ಗಿದಷ್ಟೂ ಬಿಗಿಯುವ ಗಂಟು ಹಾಕಿದೆ.

“ಇದನ್ನ ಬಿಚ್ಚೋದ್ ಹೆಂಗೋ?”

“ಅಣ್ಣಂಗೆ ಗೊತ್ತು, ಕೇಳಿ,” ಎಂದು ಹೇಳಿ ತಲೆ ಮುಂದಾಗಿ ಕಿಂಡಿಗೆ ಇಳಿದೆ.

ಒಳಗೆ ಮಗು ಅಳುತ್ತಿತ್ತು. ಆ ಕಡೆಗೆ ತೆವಳಿದೆ. ಹಗ್ಗ ಬಿಗಿಯಾದಾಗಲೆಲ್ಲ ಬಲವಾಗಿ ಒಂದು ಜಗ್ಗು ಕೊಟ್ಟೆ. ಮೇಲೆ ಕಲ್ಲುಪುಡಿಯಲ್ಲಿ ಸಾಹೇಬನ ಬೂಟುಗಳು ಜಾರುತ್ತ, ನನ್ನ ಹಿಂದೆಯೇ ಕಿಂಡಿಯ ಬಾಯಿಗೆ ಬರುತ್ತಿದ್ದವು.