ಅಂಟು ಹಚ್ಚಿದ ಪುಟ

ಭಾನುವಾರ ಅಮ್ಮ ಮೈದಾ ಅಂಟು ಕಾಯಿಸಿದಳೆಂದರೆ ಅಕ್ಕತಂಗಿಯರಿಗೆ ಎಲ್ಲಿಲ್ಲದ ಸಡಗರ. ಪಾತ್ರೆಯ ತಳದಲ್ಲಿ ಉಳಿದದ್ದು ಅವರ ಗಾಳಿಪಟಕ್ಕೆ, ಮಿಕ್ಕಿದ್ದೆಲ್ಲ ಅಪ್ಪ ಕೆಲಸ ಮಾಡುವ ಗ್ರಂಥಾಲಯಕ್ಕೆ. ಹರಿದ ಪುಸ್ತಕಗಳನ್ನು ಅಪ್ಪ ಅಂಟಿಸುತ್ತಾನೆಂದೇ ತಂಗಿ ಬಹಳ ದಿನ ನಂಬಿದ್ದಳು. ಎಂಥ ಸುಖದ ದಿನಗಳವು!

ಗ್ರಂಥಾಲಯದಲ್ಲಿ ಒಂದು ಪದ್ಧತಿಯಿತ್ತು. ಹೊಸ ಪುಸ್ತಕ ಬಂದರೆ ಸಮಿತಿಯ ಯಜಮಾನರೇ ಮೊದಲು ನೋಡಬೇಕು. ಹೆಣ್ಣುಮಕ್ಕಳ ಕಣ್ಣಿಗೆ ಬೀಳಬಾರದೆನಿಸಿದ ಪುಟಗಳ ಮೂಲೆಯನ್ನು ಅವರು ಮಡಿಸಿಡುತ್ತಿದ್ದರು. ಅಪ್ಪ ಆ ಪುಟಗಳನ್ನು ಓದಿ ನೋಡದೆಯೇ ಒಂದಕ್ಕೊಂದು ಅಂಟಿಸುತ್ತಿದ್ದ. ಅಪ್ಪ ಕೆಟ್ಟವನಲ್ಲ. ಹೇಳಿದ ಕೆಲಸ ಮಾಡುವವನು, ಅಷ್ಟೇ. ಓದುಗರೂ ಅಂಟಿದ ಪುಟ ದಾಟಿ ಮುಂದಕ್ಕೆ ಹೋಗುತ್ತಿದ್ದರು, ಯಾಕೆಂದು ಯಾರೂ ಕೇಳಲಿಲ್ಲ.

ಅಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಅಪ್ಪನೇ ಆಸೆಪಟ್ಟು ಗ್ರಂಥಾಲಯದಿಂದ ಬಸುರಿಯರ ಆರೈಕೆಯ ಪುಸ್ತಕ ತಂದುಕೊಟ್ಟ. ಅಕ್ಕ ಗಟ್ಟಿಯಾಗಿ ಓದುವಳು, ತಂಗಿ ಅವಳ ಊದಿದ ಕಾಲು ಒತ್ತುವಳು.

"ತಲೆ ಸಿಡೀತಿದೆ ಕಣೆ. ಕಣ್ಣೂ ಮಂಜು ಮಂಜು. ಇದರಲ್ಲಿ ಅದರ ಬಗ್ಗೆ ಏನೂ ಇಲ್ಲ ನೋಡು."

"ಬಸುರಿಗೆ ಅದೆಲ್ಲ ಇದ್ದದ್ದೇ," ಎಂದಳು ಅಮ್ಮ.

ಮರುದಿನ ಫಿಟ್ಸ್ ಬಂದು ಅಕ್ಕ ಹೋದಳು. ಹೊಟ್ಟೆಯ ಕೂಸೂ ಹೋಯಿತು.

ಆಮೇಲೊಂದು ದಿನ ತಂಗಿ ಆ ಪುಸ್ತಕವನ್ನು ಕುದಿಯುವ ನೀರಿನ ಹಬೆಗೆ ಹಿಡಿದಳು. ಅಂಟು ಬಿಟ್ಟಿತು. ಒಳಗೆ ಹೆಣ್ಣಿನ ಮೈಯ ಚಿತ್ರ. ಕೆಳಗೆ, ಕಾಲು ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ ಎಂಬ ಮಾತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದನ್ನು ಓದಿದ ಅಪ್ಪ ಕೆಲಸ ಬಿಟ್ಟ. ಅಮ್ಮ ಮತ್ತೆಂದೂ ಅಂಟು ಕಾಯಿಸಲಿಲ್ಲ.

ಈಗ ಗ್ರಂಥಾಲಯದಲ್ಲಿ ಅಪ್ಪನ ಕುರ್ಚಿಯಲ್ಲಿ ತಂಗಿ ಕೂತಿದ್ದಾಳೆ. ಯಜಮಾನರು ಅದೇ ಪುಸ್ತಕದ ಹೊಸ ಪ್ರತಿ ಹಿಡಿದು ಬಂದರು. ಚಿತ್ರವಿದ್ದ ಪುಟದ ಮೂಲೆ ಮಡಿಸಿತ್ತು.

"ಇಷ್ಟಕ್ಕೆ ಅಂಟು ಹಾಕಮ್ಮ."

"ಹಾಕಲ್ಲ ಸರ್."

"ನಿಮ್ಮಪ್ಪ ಒಂದು ದಿನವೂ ಎದುರಾಡಿದವನಲ್ಲ! ಇಂಥದ್ದು ಓದಿದ್ರೆ ಹೆಣ್ಮಕ್ಕಳು ಕೆಟ್ಟು ಹೋಗ್ತಾರೆ."

"ನಮ್ಮಕ್ಕ ಓದಲಿಲ್ಲ. ಸತ್ತೇ ಹೋದಳು."

"ಹಣೆಬರಹಕ್ಕೆ ಹೊಣೆ ಯಾರು?"

"ಚಿತ್ರ ನೋಡಿ ಮೂಲೆ ಮಡಿಸಿದ್ದೀರಿ. ಕೆಳಗಿರೋದನ್ನೂ ಓದಿ." ಅವಳು ಆ ಪುಟ ತೆರೆದು ಮುಂದಿಟ್ಟಳು.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಓದಿದರು. ಬಹಳ ಹೊತ್ತು ಓದಿದರು.

"ಬಸುರಿಯಾಗಿ ತವರಿಗೆ ಬಂದಿರೋ ನಿಮ್ಮ ಮಗಳಿಗೆ ಈಗ ಎಷ್ಟು ತಿಂಗಳು, ಸರ್?"

"ಏಳು." ದನಿ ಇಳಿದಿತ್ತು. ಮರುಕ್ಷಣವೇ ಏರಿತು. "ನಾಳೆ ಸಮಿತಿ ಸೇರಿಸ್ತೀನಿ! ನಿನ್ನ ಕೆಲಸ ಉಳಿಯಲ್ಲ, ತಿಳ್ಕೊ!"

"ಸೇರಿಸಿ. ಪುಸ್ತಕ ಮಾತ್ರ ಇವತ್ತು ನಿಮ್ಮ ಮನೇಲಿರಲಿ."

ಬೈದುಕೊಳ್ಳುತ್ತಲೇ ಅವರು ಮೆಟ್ಟಿಲಿಳಿದರು. ಪುಸ್ತಕ ಕಂಕುಳಲ್ಲಿತ್ತು.