ಉಳಿದದ್ದು ಒಂದೇ ಕೊರಳು

“ನಾಳೆ ಏನನ್ನ ಹಿಡ್ಕೊಂಡು ನಿಂತ್ಕೊಳ್ಳಲಿ?”

ಖಾಲಿ ಕೋಣೆಯಲ್ಲಿ ಅವಳು ತನ್ನನ್ನೇ ಕೇಳಿಕೊಂಡಳು. ಮೇಜಿನ ಮೇಲೆ ಸುಟ್ಟ ವಾಸನೆಯ ಯಂತ್ರ ಬಿದ್ದಿತ್ತು. ಆಪರೇಷನ್ನಿನಲ್ಲಿ ದನಿ ಕಳೆದುಕೊಂಡವರು ಅದನ್ನು ಕೊರಳಿಗೊತ್ತಿ ತುಟಿ ಆಡಿಸಿದರೆ ಮಾತು ಹೊರಡುತ್ತಿತ್ತು. ಅಂಗಡಿಯಲ್ಲಿ ಸಿಗುವ ಇಂಥ ಯಂತ್ರಗಳ ಹಾಗೆ ಒಂದೇ ಸಮ ಗುಂಯ್‌ಗುಡದೆ, ಇದರ ದನಿ ಏರಿ ಇಳಿಯುತ್ತಿತ್ತು.

ಹೊಸ ಕಂಪನಿಗಳಿಗೆ ನೆಲೆ ಕೊಡುವ ವಿಶ್ವವಿದ್ಯಾಲಯದ ಇನ್‌ಕ್ಯುಬೇಟರ್ ಕೇಂದ್ರ ಅವಳ ಪುಟ್ಟ ಕಂಪನಿಗೆ ಈ ಕೋಣೆ, ಲ್ಯಾಬಿನ ಬೀಗದಕೈ, ಸಲಹೆಗೊಬ್ಬ ಮೇಷ್ಟ್ರು ಎಲ್ಲವನ್ನೂ ಕೊಟ್ಟಿತ್ತು. ಅದಿಲ್ಲದಿದ್ದರೆ ಮೊದಲನೆಯ ಯಂತ್ರವೂ ಹುಟ್ಟುತ್ತಿರಲಿಲ್ಲ. ಆದರೆ ಮೇಷ್ಟ್ರು ಯಂತ್ರಕ್ಕಿಂತ ಅದರ ಬಗ್ಗೆ ಆಡುವ ಮಾತನ್ನೇ ತಿದ್ದಿದರು. ‘ಚುಟುಕಾಗಿ ಹೇಳಮ್ಮ’, ‘ನಗ್ತಾ ಹೇಳಮ್ಮ’. ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಎರಡು ಯಂತ್ರವಾದ ಮೇಲೆ ಮೂರನೆಯದನ್ನು ಮಾಡುವುದು ಉಳಿದೇ ಹೋಯಿತು.

ನಿನ್ನೆ ಆ ತಾಲೀಮಿನ ಗಡಿಬಿಡಿಯಲ್ಲೇ ಅವಳ ಜೊತೆಗಾರ, ಎಲ್ಲರ ಬಾಯಲ್ಲಿ ‘ವೈರು’, ಪಕ್ಕದ ಕಂಪನಿಯ ಚಾರ್ಜರ್ ಚುಚ್ಚಿ, ಈಗ ಮೇಜಿನ ಮೇಲಿರುವ ಎರಡನೆಯದನ್ನು ಸುಟ್ಟಿದ್ದ.

“ಎಲ್ಲಾ ಒಂದೇ ಥರ ಕಾಣ್ತವೆ ಕಣೇ.”

“ಹೌದಪ್ಪಾ, ನಿನ್ನ ತಲೆನೂ ತಲೆ ಥರಾನೇ ಕಾಣತ್ತೆ.”

ಇವತ್ತು ಬೆಳಿಗ್ಗೆ ಇನ್‌ಕ್ಯುಬೇಟರಿನ ಮ್ಯಾನೇಜರು ಬಾಗಿಲಲ್ಲೇ ನಿಂತು ಹೇಳಿಹೋಗಿದ್ದರು: “ನಾಳೆ ಸಮಿತಿಯವರು ಯಂತ್ರ ಒಯ್ದು ಪರೀಕ್ಷೆ ಮಾಡ್ತಾರೆ. ಯಂತ್ರ ಇಲ್ಲಾಂದ್ರೆ ಕೋಣೆ ಬೇರೆಯವರಿಗೆ. ನನ್ನ ಕೈಲೇನೂ ಇಲ್ಲಮ್ಮ.” ಅವರ ಬೆನ್ನ ಹಿಂದೆಯೇ ಇಬ್ಬರು ಬಂದು, ತಮ್ಮ ಮೇಜು ಎಲ್ಲಿ ಹಿಡಿಸುತ್ತದೆಂದು ನೋಡಿಕೊಂಡು ಹೋಗಿದ್ದರು.

ಮೊದಲನೆಯ ಯಂತ್ರ, ದನಿ ಕಳೆದುಕೊಂಡಿದ್ದ ಅವಳ ಚಿಕ್ಕಮ್ಮನ ಹತ್ತಿರ ಇತ್ತು.

ಅವಳು ಹೋದಾಗ ಚಿಕ್ಕಮ್ಮ ಸಂಜೆಯ ಪ್ರಾರ್ಥನೆಗೆ ಕೂತಿದ್ದಳು. ಚಿಕ್ಕಂದಿನಲ್ಲಿ ಅವಳನ್ನು ಮಲಗಿಸಿದ ಅವೇ ಪದ್ಯಗಳು; ಈಗ ಯಂತ್ರದ ದನಿಯಲ್ಲಿ, ಅಲ್ಲಲ್ಲಿ ಎಡವುತ್ತ. ಆಪರೇಷನ್ ಆದಮೇಲೆ ಬಹಳ ಕಾಲ ಈ ಮನೆಯಲ್ಲಿ ಸ್ಲೇಟಿನ ಮೇಲೆ ಬಳಪ ಕರಕರ ಎನ್ನುತ್ತಿದ್ದುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪದ್ಯ ಮುಗಿಯುವ ತನಕ ಅವಳು ಹೊಸಿಲಾಚೆಯೇ ನಿಂತಳು.

“ಕದ್ದು ಕೇಳೋ ಬುದ್ಧಿ ಇನ್ನೂ ಬಿಟ್ಟಿಲ್ವೇನೇ, ಪುಟ್ಟೀ? ಒಳಗೆ ಬಾ.”

ಅವಳು ಎಲ್ಲವನ್ನೂ ಹೇಳಿದಳು.

“ಸರಿ, ನಾನೇ ಬಂದು ಅವರ ಮುಂದೆ ಮಾತಾಡ್ತೀನಿ.”

“ಮಾತು ಕೇಳಿದ್ರೆ ಸಾಲದಂತೆ. ಬಿಚ್ಚಿ ನೋಡ್ತಾರಂತೆ.”

“ಆಮೇಲೆ?”

“ವಾಪಸ್ ಬಂದ್ರೂ... ಮಾತಾಡತ್ತೆ ಅಂತ ಹೇಳಕ್ಕಾಗಲ್ಲ ಚಿಕ್ಕಮ್ಮ. ಇದಕ್ಕೆ ಹಾಕಿದ ಹಳೇ ಬಿಡಿಭಾಗಗಳು ಈಗ ಸಿಗೋದೇ ಇಲ್ಲ.”

ಚಿಕ್ಕಮ್ಮ ಮೂಲೆಯ ಸ್ಲೇಟಿನ ಕಡೆ ನೋಡಿದಳು.

“ಆಸ್ಪತ್ರೇಲಿ ಸ್ಲೇಟು ಹಿಡ್ಕೊಂಡು ಕೂತಿರೋರನ್ನ ನೀನೇ ನೋಡಿದ್ಯಲ್ಲ. ಇದನ್ನ ಕೊಟ್ರೆ ಅವರಿಗೂ ಒಂದು ದಾರಿ. ಕೊಡದಿದ್ರೆ ಇಲ್ಲಿಗೇ ಮುಗೀತು. ದಮ್ಮಯ್ಯ ಅಂತೀನಿ, ಕೊಡು.”

ಚಿಕ್ಕಮ್ಮ ಯಂತ್ರವನ್ನು ಮಡಿಲಿಗಿಳಿಸಿದಳು. ಪುಟ್ಟಿ ಅದಕ್ಕೆ ಕೈ ಚಾಚಿದಳು. ಚಿಕ್ಕಮ್ಮನ ತುಟಿ ಆಡಿತು, ದನಿಯಿಲ್ಲ. ಆ ಕೈಯನ್ನು ಮೆಲ್ಲಗೆ ಸರಿಸಿ, ಯಂತ್ರವನ್ನು ಮತ್ತೆ ಕೊರಳಿಗೊತ್ತಿಕೊಂಡಳು. ಮಾತಿನ ಕೊನೆಗೆ ಇಳಿಯುವುದನ್ನು ಪುಟ್ಟಿಯೇ ಯಂತ್ರಕ್ಕೆ ಕಲಿಸಿದ್ದ ಆ ದನಿ, ಕಲಿಸಿದ ಹಾಗೆಯೇ ಇಳಿಯಿತು:

“ಕೊಡಲ್ಲ.”