ಎಡಗಡೆಯ ರಸ್ತೆ

“ರೀ, ಇದು ಬಸ್ಸಲ್ಲ, ಸೈಕಲ್ಲು! ಸ್ಟಾಪ್ ಕಂಡಲ್ಲೆಲ್ಲ ನಿಲ್ಲಿಸ್ಬೇಕಾಗಿಲ್ಲ!” ಹಿಂದಿನಿಂದ ಹೆಂಡತಿ ಕೂಗಿದಳು.

ಡ್ರೈವರ್ ನಕ್ಕ. ಆದರೂ ಮುಂದಿನ ಬಸ್ ಸ್ಟಾಪು ಬಂದಾಗ ಅವನ ಕಾಲು ತಾನಾಗಿಯೇ ನೆಲಕ್ಕಿಳಿಯಿತು. ವರ್ಷಗಟ್ಟಲೆಯ ಚಾಳಿ, ರಜೆ ಬಂತು ಅಂತ ಬಿಡುತ್ತದೆಯೇ?

ಸೋಮವಾರದ ರಜೆಯೂ ಸೇರಿಕೊಂಡಿದ್ದರಿಂದ ಅರ್ಧ ನಗರ ಖಾಲಿಯಾಗಿತ್ತು. ಉಳಿದ ದಿನ ಉಸಿರಾಡಲೂ ಬಿಡದ ರಸ್ತೆಗಳು ಗುಡಿಸಿಟ್ಟ ಅಂಗಳದ ಹಾಗೆ ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ಪಕ್ಕದ ಮನೆಯಿಂದ ಸೈಕಲ್ಲುಗಳನ್ನು ಕೇಳಿ ತಂದವನು ಅವನೇ. “ಊರು ಒಂದು ಸುತ್ತು ಹಾಕ್ಬರೋಣ ಬಾ” ಎಂದಾಗ, ಈ ವಯಸ್ಸಿಗೆ ಈ ಮನುಷ್ಯನಿಗೆ ಏನಾಯಿತಪ್ಪಾ ಎಂದು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಆಗಿದ್ದು ಬೇರೆಯೇ. ಕೆಲವು ತಿಂಗಳಿಂದ ಅವನ ಎಡಗಣ್ಣು ಅಂಚಿನಿಂದ ಮಸುಕಾಗುತ್ತ ಬಂದಿತ್ತು. ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಇನ್ನೂ ಬಸ್ಸು ಓಡಿಸಬಲ್ಲೆನೇ ಎಂದು ಖಾಲಿ ರಸ್ತೆಯಲ್ಲಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ಹೊರಟಿದ್ದ. ಮಂಗಳವಾರ ಬೆಳಗಿನ ಮೊದಲ ಟ್ರಿಪ್ಪು ಅವನದು.

ಹೆಂಡತಿಗೆ ಈಗ ಡಿಪೊ ಕಚೇರಿಯಲ್ಲಿ ಕೆಲಸ. ಮೊದಲು ಅವನ ಬಸ್ಸಿಗೇ ಕಂಡಕ್ಟರ್. ಒಂದು ಬೆಲ್ಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಅವಳು ಎರಡು ಸಲ ಬೆಲ್ ಹೊಡೆದರೆ ಅವನು ಅತ್ತಿತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ನಾಲ್ಕು ರಸ್ತೆ ಕೂಡುವಲ್ಲಿ ಅವನು ನಿಂತ. ಹಿಂದೆ ಬರುತ್ತಿದ್ದ ಹೆಂಡತಿಗೆ ನಾಯಿ ಹಿಡಿದುಕೊಂಡ ಮುದುಕರೊಬ್ಬರು ಅಡ್ಡ ಬಂದರು. ಸರಿಯಲಿ ಎಂದು ಅವಳು ಬೆಲ್ ಹೊಡೆದಳು. ಟ್ರಿಣ್, ಟ್ರಿಣ್.

ಡ್ರೈವರ್ ಹೊರಟೇಬಿಟ್ಟ.

ಎಡಗಡೆಯಿಂದ ಬರುತ್ತಿದ್ದ ಸೈಕಲ್ಲು ಅವನಿಗೆ ಕಾಣಲೇ ಇಲ್ಲ. ಮುಂದೆ ಪುಟ್ಟ ಮಗಳನ್ನು ಕೂರಿಸಿಕೊಂಡಿದ್ದ ಯುವಕ ಬ್ರೇಕ್ ಹಿಡಿದು, ವಾಲಿ, ಹೇಗೋ ಕಾಲೂರಿದ. ಮಗುವಿನ ಚಪ್ಪಲಿ ಹಾರಿ ರಸ್ತೆಗೆ ಬಿತ್ತು. ಸದ್ಯ, ಬಿದ್ದದ್ದು ಚಪ್ಪಲಿ ಮಾತ್ರ.

“ಕಣ್ಣು ಕಾಣ್ಸಲ್ವೇನ್ರೀ ನಿಮ್ಗೆ?”

ದಿನಕ್ಕೆ ನೂರು ಬಾಯಲ್ಲಿ ಬರುವ ಬೈಗುಳ. ಡ್ರೈವರ್ ಎಷ್ಟು ಜನರಿಗೆ ಅಂದಿದ್ದನೋ. ಈಗ ಅವನು ಮಗುವನ್ನೇ ನೋಡುತ್ತ ನಿಂತ.

“ಇಲ್ಲಪ್ಪಾ,” ಅಂದ. “ಕಾಣ್ಸಲ್ಲ.”

ತಮಾಷೆ ಮಾಡುತ್ತಿದ್ದಾನೆಂದು ಯುವಕ ಇನ್ನಷ್ಟು ರೇಗಿದ. ಹೆಂಡತಿ ಮಾತ್ರ ಗಂಡನ ಮುಖ ನೋಡಿದಳು. ಚಪ್ಪಲಿ ಎತ್ತಿ ಮಗುವಿನ ಕಾಲಿಗೆ ಹಾಕಿ, ಯುವಕನಿಗೆ ಕೈಮುಗಿದು ಕಳಿಸಿದಳು. ಆಮೇಲೆ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಳು.

“ಯಾವಾಗಿಂದ?”

“ಬೇಸಿಗೆಯಿಂದ.”

“ನನ್ಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಬಸ್ ಹತ್ತೋಕೆ ಬಿಡ್ತಿದ್ಯಾ?”

“ಖಂಡಿತಾ ಬಿಡ್ತಿರ್ಲಿಲ್ಲ!”

“ಅದಕ್ಕೇ ಹೇಳ್ಲಿಲ್ಲ.”

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ದಿನಾ ಅಷ್ಟು ಜನಾನ ಹತ್ತಿಸ್ಕೊಂಡು… ನಿಮ್ಗೆ ಹೇಗ್ರೀ ಮನಸ್ಸು ಬಂತು?”

“ನಂಗೆ ಬೇರೆ ಏನು ಬರುತ್ತೆ ಹೇಳು,” ಅಂದ ಡ್ರೈವರ್.

ಆಮೇಲೆ ಅವನೇ ಫೋನ್ ತೆಗೆದು ಡಿಪೊಗೆ ಮಾಡಿದ.

“ಮಂಗಳವಾರ ನನ್ನ ಬಸ್ಸಿಗೆ ಬೇರೆಯವರನ್ನ ಹಾಕಿ.”

“ಏನಣ್ಣಾ, ರಜೆ ರುಚಿ ಹತ್ತಿತಾ?” ಆ ಕಡೆಯವನು ನಕ್ಕ. “ಎಷ್ಟು ದಿನಕ್ಕೆ ಬರ್ಕೊಳ್ಲಿ?”

ಡ್ರೈವರ್ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು.

“ದಿನ ಅಲ್ಲ ತಮ್ಮಾ,” ಅಂದ. “ಇನ್ಮೇಲೆ.”

ಮನೆಯ ಕಡೆ ಇಬ್ಬರೂ ಸೈಕಲ್ ತಳ್ಳಿಕೊಂಡೇ ನಡೆದರು. ಬಿಸಿಲು ಹಾಗೇ ಇತ್ತು. ಮಕ್ಕಳು ಗುಂಪು ಗುಂಪಾಗಿ ಬೆಲ್ ಬಾರಿಸುತ್ತ ದಾಟಿಹೋದರು. ಹೆಂಡತಿ ಸುತ್ತಿ ಬಂದು ಅವನ ಎಡಕ್ಕೆ ಸೇರಿಕೊಂಡಳು.

“ಆ ಕಡೆ ಏನಿದೆ?” ಎಂದು ಅವನು ಕೇಳಿದ.

“ಟೈಲರ್ ಅಂಗಡಿ. ಮುಚ್ಚಿದೆ.” ಅವಳು ಮೂಗೊರೆಸಿಕೊಂಡಳು. “ಮೇಲ್ಗಡೆ ಯಾರೋ ಬೆಡ್‌ಶೀಟ್ ಒಣಗ್ಹಾಕ್ತಿದ್ದಾರೆ. ನೀಲಿದು.”

“ಹೂಂ,” ಅಂದ. “ಆಮೇಲೆ?”